ನಿದ್ದೆಯ ಗೆರೆ ಹಿಡಿದ ಡಾಕ್ಟರ್

ಬಸ್ಸು ಸ್ಟ್ಯಾಂಡು ಬಿಡೋ ಮೊದಲೇ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುವ ಮಹನೀಯರು ನಮ್ಮಲ್ಲಿ ಬೇಕಾದಷ್ಟು. ಆಗ ಮಿದುಳು ಏನು ಮಾಡುತ್ತೆ ಅನ್ನೋದಕ್ಕೆ ಕಾಗದದ ಮೇಲೆ ಸಾಕ್ಷಿ ಸಿಕ್ಕಿದ್ದು ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ (1873-1941) ದೆಸೆಯಿಂದ.

ಖಗೋಳಶಾಸ್ತ್ರ ಓದಲು ಹೊರಟಿದ್ದ ಹುಡುಗ. ಸೈನ್ಯದ ತರಬೇತಿಯಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಕ್ಕದೆ ಕೂದಲೆಳೆಯಲ್ಲಿ ಬಚಾವಾದ. ಅದೇ ಸಂಜೆ ಅಪ್ಪನಿಂದ ತಂತಿ: ಕ್ಷೇಮವೇ ಅಂತ! ದೂರದಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಯಿತೆಂದು ದಿಗಿಲು ಹತ್ತಿತ್ತಂತೆ. ಮನಸ್ಸಿನ ಮಾತು ತಂತಿಯಿಲ್ಲದೆ ಹೋಗುತ್ತೋ ನೋಡೇಬಿಡೋಣ ಅಂತ ಬರ್ಗರ್ ವೈದ್ಯಕೀಯಕ್ಕೆ ಬಂದ.

ಅದು ಸಿಗಲಿಲ್ಲ; ಸಿಕ್ಕಿದ್ದು ವಿದ್ಯುತ್ತು. 1924ರಲ್ಲಿ ಯೇನಾ ಪಟ್ಟಣದಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊಟ್ಟಮೊದಲು ದಾಖಲಿಸಿದ. ಕಣ್ಣು ಮುಚ್ಚಿ ಸುಮ್ಮನಿದ್ದರೆ ಸೆಕೆಂಡಿಗೆ ಸುಮಾರು 10 ಅಲೆ, ಕಣ್ಣು ಬಿಟ್ಟರೆ ಮಾಯ! ಸ್ವಂತ ಮಗನ ತಲೆಯನ್ನೂ ಬಿಡಲಿಲ್ಲ. ಐದು ವರ್ಷ ಬಾಯಿ ಬಿಡದೆ 1929ರಲ್ಲಿ ಪ್ರಕಟಿಸಿದರೆ, ನಂಬಿದವರು ಕಮ್ಮಿ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಹೌದೆಂದ ಮೇಲೆಯೇ ಲೋಕಕ್ಕೆ ನಂಬಿಕೆ ಬಂತು.

ಇನ್ನೊಂದು ಮಾತು ಮುಚ್ಚಿಡಬಾರದು. ಹುಚ್ಚು ಹಿಡಿದವರಿಗೆ, ಬುದ್ಧಿ ಮಂದವಾದವರಿಗೆ ಬಲವಂತದ ಸಂತಾನಹರಣ ವಿಧಿಸುತ್ತಿದ್ದ ನಾಜಿ ನ್ಯಾಯಮಂಡಲಿಯಲ್ಲಿ ಈತನೂ ಕೂತಿದ್ದ. ಕೊನೆಗೆ ಮನೋವ್ಯಾಧಿಯ ವೈದ್ಯನನ್ನೇ ಖಿನ್ನತೆ ಹಿಡಿಯಿತು. 1941ರ ಜೂನ್ 1ರಂದು ತಾನೇ ಪ್ರಾಣ ಕಳೆದುಕೊಂಡ.

12 ವರ್ಷದ ನಂತರ ಷಿಕಾಗೋದಲ್ಲಿ, ಕನಸು ಬೀಳುವಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡುತ್ತೆಂದು ಪತ್ತೆಯಾಯಿತು. ಅಲ್ಲೂ ಮಲಗಿದವರ ತಲೆಗೆ ಅಂಟಿಸಿದ್ದು ಬರ್ಗರ್ ತೋರಿಸಿಕೊಟ್ಟ ವೈರುಗಳನ್ನೇ.