ಸರಳೆ ವರಸೆಯ ಸಾಹುಕಾರ

ಈ ಸಲದ ಸಂಚಿಕೆಗೆ ಯಾರಾದರೂ ಮಹನೀಯರ ಜೀವನ ಬರೆದುಕೊಡಿ ಎಂದು ಸಂಘದ ಗೆಳೆಯರು ಕೇಳಿದಾಗ ನಾನು ಮೊದಲು ಒಲ್ಲೆ ಅಂದೆ. ನಾನು ಪಂಡಿತನಲ್ಲ. ಸಂಗೀತವನ್ನಂತೂ ಅರ್ಧಕ್ಕೇ ಬಿಟ್ಟವನು. ಆದರೆ ಅರ್ಧಕ್ಕೆ ಬಿಟ್ಟವನಿಗೆ ಒಂದು ಅನುಕೂಲ ಉಂಟು, ಮೊದಲ ಪಾಠಗಳು ಮಾತ್ರ ಅವನ ಬಾಯಿಂದ ಹೋಗೋದಿಲ್ಲ. ಆ ಮೊದಲ ಪಾಠಗಳನ್ನು ಕಟ್ಟಿದವರೆಂದು ನಾಡೆಲ್ಲ ನಂಬಿರುವ ಪುರಂದರದಾಸರ ಬಗ್ಗೆ ಆದರೆ ಬರೀಬಹುದು ಅನ್ನಿಸಿತು.

ನಾನು ಪಾಠಕ್ಕೆ ಕೂತದ್ದು ಚೆಂಬೂರಿನಲ್ಲಿ, ಒಂದು ಚಾಳಿನ ಎರಡನೇ ಮಾಳಿಗೆಯ ಕೋಣೆಯಲ್ಲಿ. ಇಸವಿ ೧೯೮೩. ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಪಾಠ ಹೇಳುತ್ತಿದ್ದವರು ತಮಿಳು ಮಾಮಿ. ನಾವು ಹತ್ತು ಮಕ್ಕಳು, ಅದರಲ್ಲಿ ಒಂಬತ್ತು ತಮಿಳರು, ನಾನೊಬ್ಬ ಕನ್ನಡದವ. ವಾರಕ್ಕೆ ಎರಡು ಪಾಠ. ಸರಳೆ ವರಸೆ ಮುಗಿದು, ಜಂಟಿ ಮುಗಿದು, ಅಲಂಕಾರ ಮುಗಿದು, ಒಂದು ಶುಕ್ರವಾರ ಮಾಮಿ ಮೊದಲ ಗೀತೆ ಹೇಳಿಕೊಟ್ಟರು. ಮಲಹರಿ ರಾಗ. ಹಾಡಿಸಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, ಇದು ನಿಮ್ಮ ಭಾಷೆ ಅಲ್ವಾ, ಇದಕ್ಕೇನು ಅರ್ಥ ಅಂತ ಕೇಳಿದರು. ಹತ್ತು ವರ್ಷದ ಇಂಗ್ಲಿಷ್ ಮಾಧ್ಯಮದ ಹುಡುಗ ನಾನು. ಕನ್ನಡ ಎಂದರೆ ನನಗೆ ಊಟಕ್ಕೆ ಬಾ, ನೀರು ಹಿಡಿ, ಅಷ್ಟೇ. ತಲೆ ತಗ್ಗಿಸಿ ಕೂತೆ. ಆ ರಾತ್ರಿ ಅಜ್ಜಿಯನ್ನು ಕೇಳಿದೆ. ಅಜ್ಜಿ ಅರ್ಥವನ್ನೂ ಹೇಳಿದಳು, ಪುರಂದರದಾಸರ ಕತೆಯನ್ನೂ ಹೇಳಿದಳು. ಕೆಳಗೆ ಬರೆದಿರುವುದರಲ್ಲಿ ಮೊದಲರ್ಧ ಅವಳದು, ಉಳಿದದ್ದು ಆಮೇಲೆ ನಾನು ಓದಿಕೊಂಡದ್ದು.

ದಾಸರ ಹುಟ್ಟು ೧೪೮೪ರ ಸುಮಾರು ಎನ್ನುವುದು ವಾಡಿಕೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಹುಟ್ಟು ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕರು ಲೇವಾದೇವಿಗಾರರು, ರತ್ನಪಡಿ ವ್ಯಾಪಾರಿಗಳು. ಹುಟ್ಟೂರು ಯಾವುದೆಂಬ ಜಗಳ ಇಂದಿಗೂ ತೀರಿಲ್ಲ. ಪುಣೆಯ ಹತ್ತಿರದ ಪುರಂದರಗಡ ಎಂದು ಬಹುಕಾಲ ನಂಬಿದ್ದರು. ಮುಂಬಯಿ ಕನ್ನಡಿಗರಾದ ನಮಗೆ ಅದು ಬಿಡಲಾರದ ನಂಬಿಕೆ, ನಾವು ಮಾತ್ರ ಅಲ್ಲ ದಾಸರೂ ಮಹಾರಾಷ್ಟ್ರದ ನೀರು ಕುಡಿದವರೇ ಅಂತ ಹೇಳಿಕೊಳ್ಳಬಹುದಲ್ಲ! ಆದರೆ ಭಾಷೆಯನ್ನೂ ಹೆಸರುಗಳನ್ನೂ ನೋಡಿದವರು ತೀರ್ಥಹಳ್ಳಿ ಕಡೆಯ ಆರಗದ ಸೀಮೆಯನ್ನು ತೋರಿಸುತ್ತಾರೆ. ಈಚಿನ ವರ್ಷಗಳಲ್ಲಿ ಕರ್ನಾಟಕದ ತಜ್ಞರ ಸಮಿತಿಯೊಂದೂ ಆ ಕಡೆಗೇ ವಾಲಿತು. ನನಗೂ ಮಲೆನಾಡಿನ ವಾದವೇ ಬಲ ಅನ್ನಿಸುತ್ತದೆ. ಇಷ್ಟವಿಲ್ಲದೆಯೇ ಒಪ್ಪಿಕೊಂಡಿದ್ದೇನೆ.

ಶ್ರೀನಿವಾಸ ನಾಯಕ ಅಪ್ಪನಿಗಿಂತ ಗಟ್ಟಿ ವ್ಯಾಪಾರಿ. ನವಕೋಟಿ ನಾರಾಯಣ ಅನ್ನುತ್ತಿದ್ದರಂತೆ ಜನ. ಹೆಂಡತಿ ಸರಸ್ವತಿ. ಮುಂದಿನದು ಎಲ್ಲರಿಗೂ ಗೊತ್ತಿರುವ ಮೂಗುತಿ ಕತೆ. ಮಗನ ಮುಂಜಿಗೆ ಸಹಾಯ ಕೇಳಿಕೊಂಡು ಬಂದ ಬಡ ಬ್ರಾಹ್ಮಣನನ್ನು ನಾಯಕ ಇವತ್ತು ನಾಳೆ ಅಂತ ತಿಂಗಳುಗಟ್ಟಲೆ ಅಲೆಸಿದ. ಕೊನೆಗೆ ಸವೆದ ನಾಣ್ಯದ ಮೂಟೆ ಬಿಚ್ಚಿ ಒಂದನ್ನು ಆರಿಸಿಕೋ ಅಂದ. ಬ್ರಾಹ್ಮಣ ಹಿತ್ತಲ ಬಾಗಿಲಿಗೆ ಹೋದ. ಸರಸ್ವತಿ ತವರಿನವರು ಕೊಟ್ಟ ಮೂಗುತಿಯನ್ನೇ ಬಿಚ್ಚಿ ಕೊಟ್ಟಳು. ಅವನು ಅದನ್ನು ನೇರವಾಗಿ ನಾಯಕನ ಅಂಗಡಿಗೇ ಅಡವಿಗೆ ತಂದ. ನಾಯಕನಿಗೆ ಗುರುತು ಸಿಕ್ಕಿತು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು, ಮೂಗುತಿ ಎಲ್ಲಿ ಅಂದ. ಅವಳು ಒಳಗೆ ಹೋಗಿ ವಿಷದ ಬಟ್ಟಲು ಎತ್ತಿದಾಗ ಬಟ್ಟಲೊಳಗೆ ಟಣ್ ಎಂದು ಮೂಗುತಿ ಬಿತ್ತು. ನಾಯಕ ಅಂಗಡಿಗೆ ಓಡಿ ನೋಡಿದರೆ ಪೆಟ್ಟಿಗೆ ಖಾಲಿ.

ಅಜ್ಜಿ ಈ ಕತೆ ಹೇಳುವಾಗ ವಿಠಲನ ಲೀಲೆಯ ಕಡೆಗೆ ಹೋಗುತ್ತಿದ್ದಳು. ನನ್ನ ಮನಸ್ಸು ನಿಲ್ಲುವುದು ಬಟ್ಟಲ ಹತ್ತಿರ. ಗಂಡನಿಗೆ ಒಂದು ಸತ್ಯ ಹೇಳುವುದಕ್ಕಿಂತ ವಿಷ ಕುಡಿಯುವುದು ಸುಲಭ ಅಂತ ಒಬ್ಬ ಹೆಂಗಸಿಗೆ ಅನ್ನಿಸಿದ ಮನೆ ಅದು. ಕತೆ ನಡೆದದ್ದೋ ಕಟ್ಟಿದ್ದೋ ಬಿಡಿ. ಆ ಮನೆಯ ಸಾಹುಕಾರ ಬೆಚ್ಚಿಬಿದ್ದದ್ದು ಪೆಟ್ಟಿಗೆ ಖಾಲಿಯಾದದ್ದಕ್ಕೆ ಮಾತ್ರ ಅಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಆಮೇಲೆ ದಾಸರು ತಮ್ಮದೊಂದು ಪದದಲ್ಲಿ, ತಮಗೆ ಈ ದಾರಿ ಹಿಡಿಸಿದವಳು ಹೆಂಡತಿಯೇ ಎಂದು ಹೇಳಿ ಅವಳ ಸಂತತಿ ಸಾವಿರವಾಗಲಿ ಎಂದು ಹರಸಿದ್ದಾರೆ. ಆ ಕಾಲದ ಗಂಡಸೊಬ್ಬ ಹೀಗೆ ಬಹಿರಂಗವಾಗಿ ಹೆಂಡತಿಯ ಸಾಲ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ನಾಯಕ ಇದ್ದಬದ್ದದ್ದೆಲ್ಲ ದಾನ ಮಾಡಿ ಹೆಂಡತಿ ಮಕ್ಕಳ ಕೈ ಹಿಡಿದು ವಿಜಯನಗರಕ್ಕೆ ನಡೆದ. ವಯಸ್ಸು ನಲವತ್ತರ ಹತ್ತಿರ, ಕೃಷ್ಣದೇವರಾಯನ ಆಳ್ವಿಕೆಯ (೧೫೦೯–೧೫೨೯) ಕೊನೆಯ ವರ್ಷಗಳು. ಅಲ್ಲಿ ವ್ಯಾಸರಾಯರು ದೀಕ್ಷೆ ಕೊಟ್ಟು ಪುರಂದರ ವಿಠಲ ಎಂಬ ಅಂಕಿತ ಕೊಟ್ಟರು. ಅಲ್ಲಿಂದ ಮುಂದೆ ಕಾಲಿಗೆ ಗೆಜ್ಜೆ, ಹೆಗಲಿಗೆ ಜೋಳಿಗೆ, ಕೈಯಲ್ಲಿ ತಂಬೂರಿ. ಬೆಳಿಗ್ಗೆ ಬೀದಿಯಲ್ಲಿ ಹಾಡುತ್ತಾ ಹೋಗುವುದು, ಬಂದ ಅಕ್ಕಿಯಲ್ಲಿ ಆ ದಿನದ ಊಟ, ನಾಳೆಗೆ ಇಡೋ ಹಾಗಿಲ್ಲ. ಬಡ್ಡಿ ಲೆಕ್ಕ ಹಾಕಿ ಬದುಕಿದವನಿಗೆ ಇದಕ್ಕಿಂತ ಕಷ್ಟದ ವ್ರತ ಇನ್ನೊಂದಿರಲಾರದು. ಕನಕದಾಸರು ಸಮಕಾಲೀನರು. ವ್ಯಾಸರಾಯರು ೧೫೩೯ರಲ್ಲಿ ತೀರಿಕೊಂಡ ಮೇಲೂ ಪುರಂದರದಾಸರು ಇಪ್ಪತ್ತೈದು ವರ್ಷ ಹಾಡುತ್ತಲೇ ಇದ್ದರು.

ಎಷ್ಟು ಹಾಡಿದರು? ವಿಜಯದಾಸರು ಹೇಳಿದ ಲೆಕ್ಕ ೪,೭೫,೦೦೦. ದೀಕ್ಷೆಯಿಂದ ಕೊನೆಯವರೆಗೆ ನಲವತ್ತು ವರ್ಷ ಎಂದು ಹಿಡಿದು ಭಾಗಿಸಿ ನೋಡಿದೆ, ದಿನಕ್ಕೆ ಮೂವತ್ತೆರಡು ಬರುತ್ತದೆ! ಭಕ್ತಿಯ ಲೆಕ್ಕವನ್ನು ಹೀಗೆ ಭಾಗಿಸಬಾರದು, ತಪ್ಪಾಯ್ತು. ನಮಗೆ ಸಿಕ್ಕಿರುವುದು ಸಾವಿರದ ಆಸುಪಾಸು. ಅದರಲ್ಲೂ ದಾಸರು ಕಟ್ಟಿದ ಧಾಟಿ ಉಳಿದಿರುವುದು ತೀರ ಕಡಿಮೆ. ಮಾತು ಬಾಯಿಂದ ಬಾಯಿಗೆ ಬಂತು, ತಾಳೆಗರಿಗೆ ಹೋಯಿತು, ೧೮೫೦ರ ಹೊತ್ತಿಗೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಕೆಲವನ್ನು ಅಚ್ಚೂ ಹಾಕಿಸಿದ. ರಾಗ ಮಾತ್ರ ದಾರಿಯಲ್ಲಿ ಉದುರಿತು. ಎಂ. ಎಲ್. ವಸಂತಕುಮಾರಿ ಹಾಡಿದ ದೇವರನಾಮಗಳಾಗಲಿ, ಭೀಮಸೇನ ಜೋಶಿಯವರ ದಾಸವಾಣಿಯಾಗಲಿ, ಅಲ್ಲಿನ ಸ್ವರ ಬಹುಮಟ್ಟಿಗೆ ನಂತರದವರು ತೊಡಿಸಿದ್ದು. ದಾಸರ ಪದಗಳನ್ನು ಬೇಕಾದ ರಾಗದಲ್ಲಿ ಹಾಡಬಹುದು ಅಂತ ನಾವು ಹೆಮ್ಮೆಯಿಂದ ಹೇಳ್ತೇವಲ್ಲ, ಆ ಹೆಮ್ಮೆಯ ಕೆಳಗೆ ಒಂದು ದೊಡ್ಡ ನಷ್ಟ ಇದೆ.

ಧಾಟಿ ಕೆಡದೆ ಬಂದದ್ದು ಎಂದು ಹೇಳಬಹುದಾದರೆ ಅದು ಮಕ್ಕಳ ಪಾಠ ಒಂದೇ. ಇದಕ್ಕೂ ಕಲ್ಲಿನ ಶಾಸನದ ಸಾಕ್ಷಿ ಇಲ್ಲ, ಪರಂಪರೆಯ ಸಾಕ್ಷಿ. ಆದರೆ ಆ ಪರಂಪರೆ ನಾಲ್ಕೂ ದಕ್ಷಿಣ ಭಾಷೆಯವರಲ್ಲಿ ಒಂದೇ ಮಾತು ಹೇಳುತ್ತದೆ. ಹಿಂದೆ ಶಾಸ್ತ್ರಗ್ರಂಥಗಳಲ್ಲಿ ಮುಖಾರಿಯ ಸ್ವರಗಳನ್ನು ಮೂಲ ಎಂದಿಟ್ಟುಕೊಳ್ಳುತ್ತಿದ್ದರು. ದಾಸರು ಅದನ್ನು ಬಿಟ್ಟು ಮಾಯಾಮಾಳವಗೌಳವನ್ನು ಹಿಡಿದರು. ಏಕೆ ಅಂತ ಹಾಡಿ ನೋಡಿದರೆ ಗೊತ್ತಾಗುತ್ತದೆ. ಸ ರಿ ಗ ಮ ನಡುವಿನ ಅಂತರ ಹೇಗೋ ಪ ದ ನಿ ಸ ನಡುವಿನ ಅಂತರವೂ ಹಾಗೇ. ಕೆಳಗಿನ ಮಹಡಿ ಹತ್ತಲು ಕಲಿತ ಮಗು ಅದೇ ಮೆಟ್ಟಿಲಲ್ಲಿ ಮೇಲಿನ ಮಹಡಿ ಹತ್ತುತ್ತದೆ. ರಿಷಭ ಷಡ್ಜಕ್ಕೆ ಅಂಟಿಕೊಂಡಿದೆ, ಗಾಂಧಾರ ದೂರ ಇದೆ. ಹಾಗಾಗಿ ಒಂದರ ಬದಲು ಇನ್ನೊಂದು ಹಾಡಿ ತಪ್ಪಿಸಿಕೊಳ್ಳೋಕೆ ಬರೋದಿಲ್ಲ. ನಮ್ಮ ಪಕ್ಕದ ಮನೆಯ ಮರಾಠಿ ಹುಡುಗಿ ಹಿಂದುಸ್ತಾನಿಯಲ್ಲಿ ಬಿಲಾವಲ್‌ನಿಂದ ಶುರು ಮಾಡಿದಳು, ನಮ್ಮ ಪಾಠದ ಸ್ವರಗಳು ಅವಳಿಗೆ ಭೈರವ್ ಆಗಿ ಬಂದದ್ದು ಎಷ್ಟೋ ತಿಂಗಳ ಮೇಲೆ.

ಸರಳೆಯಲ್ಲಿ ಒಂದೊಂದೇ ಸ್ವರ, ಆದಿತಾಳದ ಎಂಟು ಎಣಿಕೆ, ಮೂರು ಕಾಲ. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಜಂಟಿಯಲ್ಲಿ ಅದೇ ಸ್ವರ ಜೋಡಿ ಜೋಡಿ, ಎರಡನೆಯದಕ್ಕೆ ಒತ್ತು. ಅಲಂಕಾರದಲ್ಲಿ ಏಳು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಧ್ರುವಕ್ಕೆ ೧೪ ಅಕ್ಷರ, ಮಠ್ಯಕ್ಕೆ ೧೦, ರೂಪಕಕ್ಕೆ ೬, ಹೀಗೆ ಇಳಿದೂ ಏರಿಯೂ ಕೊನೆಗೆ ಏಕಕ್ಕೆ ೪. ದಾಸರು ಸುಳಾದಿಗಳಲ್ಲಿ ಬಳಸಿದ ತಾಳಗಳೇ ಇವು. ಅದಾದ ಮೇಲೆ ಪಿಳ್ಳಾರಿ ಗೀತೆ. ಅದರ ಮಲಹರಿಯೂ ಮಾಯಾಮಾಳವಗೌಳದ ಮಗುವೇ. ನಿಷಾದ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಅಂದರೆ ಕಲಿತದ್ದರಿಂದಲೇ ಒಂದೆರಡು ಕಳೆದು ಹೊಸದು ಮಾಡಿದ್ದಾರೆ. ಒಂದು ಗೀತೆಯಲ್ಲಿ, ಕೆರೆಯ ನೀರನ್ನೇ ಮೊಗೆದು ಮತ್ತೆ ಕೆರೆಗೇ ಚೆಲ್ಲುವವರಂತೆ ಬದುಕಿ ಎನ್ನುವ ಅರ್ಥ ಬರುತ್ತದೆ. ಏಳೆಂಟು ವರ್ಷದ ಮಕ್ಕಳ ಬಾಯಲ್ಲಿ ಆ ಮಾತು!

ಇಲ್ಲಿ ನನ್ನದೊಂದು ಊಹೆ ಇದೆ, ಗುರುಗಳು ನಗಬಹುದು. ಅಪ್ಪ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಗಲ್ಲಾದ ಚಿಲ್ಲರೆ ಎಣಿಸುತ್ತಿದ್ದರು. ಮೊದಲು ಬಿಡಿ ಬಿಡಿಯಾಗಿ, ಆಮೇಲೆ ಜೋಡಿ ಜೋಡಿಯಾಗಿ, ಆಮೇಲೆ ನಾಲ್ಕು ನಾಲ್ಕರ ರಾಶಿಯಾಗಿ. ನಾಲ್ಕು ನಾಲ್ಕಾಣೆ, ಒಂದು ರೂಪಾಯಿ. ಅಪ್ಪನ ಬೆರಳು ನೋಡ್ತಾ ನನಗೆ ಸರಳೆ ಮತ್ತು ಜಂಟಿ ನೆನಪಾಗುತ್ತಿತ್ತು. ಶ್ರೀನಿವಾಸ ನಾಯಕ ದುಡ್ಡು ಬಿಟ್ಟ, ಪೆಟ್ಟಿಗೆ ಬಿಟ್ಟ, ಎಣಿಸುವ ಕೈಯನ್ನು ಬಿಡಲಿಲ್ಲ ಅಂತ ನನ್ನ ಅನಿಸಿಕೆ. ಸಣ್ಣ ನಾಣ್ಯ ಪರೀಕ್ಷಿಸದೆ ದೊಡ್ಡದಕ್ಕೆ ಹೋಗದ ವ್ಯಾಪಾರಿಯ ಶಿಸ್ತೇ ಈ ಪಾಠಗಳಲ್ಲಿದೆ. ಅರಮನೆಯಲ್ಲೇ ಹುಟ್ಟಿ ಬೆಳೆದ ವಿದ್ವಾಂಸನಿಗೆ ಇಂಥ ಪಾಠ ಹೊಳೆಯುತ್ತಿತ್ತೋ ಇಲ್ಲವೋ.

ದಾಸರು ತೀರಿಕೊಂಡದ್ದು ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆ. ಪುಸ್ತಕಗಳು ಸಾಮಾನ್ಯವಾಗಿ ೧೫೬೪ ಎಂದು ಅಚ್ಚು ಹಾಕುತ್ತವೆ. ೧೯೬೪ರಲ್ಲಿ ನಾನೂರನೇ ವರ್ಷ ಅಂತ ಅಂಚೆ ಚೀಟಿಯೂ ಬಂತು. ಆದರೆ ಸಂವತ್ಸರ ಎಣಿಸಿ ನೋಡಿ. ರಕ್ತಾಕ್ಷಿ ೧೫೬೪ರ ಯುಗಾದಿಗೆ ಶುರುವಾಗಿ ೧೫೬೫ರ ಯುಗಾದಿಗೆ ಮುಗಿಯುತ್ತದೆ. ಪುಷ್ಯ ಮಾಸ ಬರುವುದು ಅದರ ಕೊನೆಗೆ, ಅಂದರೆ ಅಮಾವಾಸ್ಯೆ ೧೫೬೫ರ ಜನವರಿ ಮೊದಲಲ್ಲಿ. ತಾಳೀಕೋಟೆ ಯುದ್ಧ ಅದೇ ಜನವರಿಯ ಕೊನೆಗೆ! ಎಂಬತ್ತರ ಮುದುಕ ಕಣ್ಣು ಮುಚ್ಚಿ ಮೂರು ವಾರದೊಳಗೆ ರಾಮರಾಯನ ತಲೆ ಉರುಳಿತು, ಊರು ಸೂರೆ ಹೋಯಿತು. ದಾಸರು ಕೂತು ಹಾಡುತ್ತಿದ್ದರೆಂದು ಹೇಳುವ ಮಂಟಪ ಹಂಪಿಯಲ್ಲಿ ವಿಠಲ ದೇವಾಲಯದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ ಇಂದಿಗೂ ನಿಂತಿದೆ. ಹೊಳೆ ತುಂಬಿದಾಗ ಮುಳುಗುತ್ತದೆ, ಇಳಿದಾಗ ಏಳುತ್ತದೆ.

ಇನ್ನು ಮಾಮಿಯ ಕೋಣೆಗೆ ಕನ್ನಡದ ಗೀತೆ ಹೇಗೆ ಬಂತು ಅನ್ನೋದು. ವಿಜಯನಗರ ಬಿದ್ದ ಮೇಲೆ ವಿದ್ಯೆಗೆ ಆಸರೆ ಸಿಕ್ಕಿದ್ದು ತಂಜಾವೂರಿನ ನಾಯಕರಲ್ಲಿ. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು; ಅವರ ಮಗ ವೆಂಕಟಮಖಿ ಎಪ್ಪತ್ತೆರಡು ಮೇಳಗಳನ್ನು ಲೆಕ್ಕ ಹಾಕಿ ಚತುರ್ದಂಡಿ ಪ್ರಕಾಶಿಕೆ ಬರೆದರು. ಆಮೇಲೆ ಅದೇ ತಂಜಾವೂರನ್ನು ಮರಾಠರು ಆಳಿದರು. ಅವರ ಕಾಲದಲ್ಲೇ ತೆಲುಗಿನಲ್ಲಿ ಹಾಡಿದ ತ್ಯಾಗರಾಜರು (೧೭೬೭–೧೮೪೭) ತಮ್ಮ ಪ್ರಹ್ಲಾದ ಭಕ್ತಿ ವಿಜಯದ ಮೊದಲಿಗೆ ಪುರಂದರದಾಸರಿಗೆ ನಮಸ್ಕಾರ ಸಲ್ಲಿಸಿದ್ದಾರೆ. ಆ ಕಡೆಯ ಮನೆಮನೆಗಳಲ್ಲಿ ಉಳಿದ ಪಾಠ, ಕೆಲಸ ಹುಡುಕಿಕೊಂಡು ಬಂದ ತಮಿಳರ ಜೊತೆ ರೈಲು ಹತ್ತಿ ಮಾಟುಂಗಾಕ್ಕೆ, ಚೆಂಬೂರಿಗೆ ಬಂತು. ೧೯೫೨ರಲ್ಲಿ ಷಣ್ಮುಖಾನಂದ ಸಭಾ ಹುಟ್ಟಿತು, ೧೯೬೩ರಲ್ಲಿ ಅದರ ಆ ದೊಡ್ಡ ಸಭಾಗೃಹ ಎದ್ದಿತು. ಹಂಪಿಯಿಂದ ಹೊರಟ ಕನ್ನಡ, ತೆಲುಗು ದೊರೆ, ಮರಾಠಿ ದೊರೆ, ತಮಿಳು ಮಾಮಿ ಇಷ್ಟು ಜನರ ಕೈ ದಾಟಿ ಒಬ್ಬ ಕನ್ನಡ ಹುಡುಗನ ಹತ್ತಿರ ಬಂದು ಅರ್ಥ ಕೇಳಿತು. ಹುಡುಗನಿಗೆ ಗೊತ್ತಿರಲಿಲ್ಲ.

ನನ್ನ ಸಂಗೀತ ಮುಗಿದ ಕತೆ ಚಿಕ್ಕದು. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿರುವಂತೆ ಇಲ್ಲೂ ಒಂದು ಕಡೆ ದರ್ಜೆ ಪರೀಕ್ಷೆ ಇತ್ತು. ಎರಡು ದರ್ಜೆ ಪಾಸಾದೆ. ಮೂರನೆಯದರ ಹೊತ್ತಿಗೆ ಗಂಟಲು ಒಡೆದಿತ್ತು. ಪರೀಕ್ಷಕರು ವರ್ಣ ಕೇಳಲಿಲ್ಲ, ಅಟ್ಟತಾಳದ ಅಲಂಕಾರವನ್ನು ಮೂರನೇ ಕಾಲದಲ್ಲಿ ಹಾಡು ಅಂದರು. ತಾಳ ಒಂದು ಕಡೆ, ನಾನು ಒಂದು ಕಡೆ. ನಪಾಸು. ನಾಚಿಕೆಯಿಂದ ಮಾಮಿಗೆ ಮುಖ ತೋರಿಸಲಿಲ್ಲ. ಅವರು ಎರಡು ಸಲ ಹೇಳಿಕಳಿಸಿದರು, ಹೋಗಲಿಲ್ಲ. ಗೀತೆಯ ಅರ್ಥವನ್ನು ಅಜ್ಜಿಯಿಂದ ಕೇಳಿ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ, ಅದನ್ನು ಅವರಿಗೆ ಕೊಡುವುದೂ ಆಗಲಿಲ್ಲ. ಆಮೇಲೆ ಅವರು ಮಗನ ಹತ್ತಿರ ಊರಿಗೆ ಹೋದರು ಅಂತ ಕೇಳಿದೆ.

ಹೋದ ವರ್ಷ ಹಂಪಿಗೆ ಹೋಗಿದ್ದೆ. ನೀರು ಇಳಿದಿತ್ತು, ಮಂಟಪದೊಳಗೆ ಕೂರುವಷ್ಟು ಜಾಗ ಒಣಗಿತ್ತು. ಜೊತೆಯವರು ದೋಣಿಯ ಹತ್ತಿರ ಹೋದಾಗ ಮೆಲ್ಲಗೆ ಮೊದಲ ಸರಳೆ ಹೇಳಿದೆ, ಒಂದನೇ ಕಾಲ, ಎರಡನೇ ಕಾಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಶಾಲಾ ಮಕ್ಕಳ ಗುಂಪೊಂದು ಬಂತು, ನಿಲ್ಲಿಸಿ ಎದ್ದೆ.