ಮಕ್ಕಳ ತಾಲೀಮಿಗೆ ಬದುಕು ಮುಡಿಪಿಟ್ಟ ಡಾ. ಝಾಕಿರ್ ಹುಸೇನ್

ಡಾ. ಝಾಕಿರ್ ಹುಸೇನ್ ಎಂದೊಡನೆ ನಮಗೆ ನೆನಪಾಗುವುದು ಭಾರತದ ಮೂರನೇ ರಾಷ್ಟ್ರಪತಿ. ಆದರೆ ಅವರ ಯೌವನದ ವರ್ಷಗಳೆಲ್ಲ ಸವೆದದ್ದು ಶಾಲಾ ಮಕ್ಕಳ ನಡುವೆ. 1958ರಲ್ಲಿ, ಬಿಹಾರದ ರಾಜ್ಯಪಾಲರಾಗಿದ್ದಾಗ, ಆಕಾಶವಾಣಿಯ ಪಟೇಲ್ ಸ್ಮಾರಕ ಉಪನ್ಯಾಸಮಾಲೆಯಲ್ಲಿ ಅವರು ದೇಶದ ಶಿಕ್ಷಣದ ಪುನರ್ನಿರ್ಮಾಣವನ್ನು ಕುರಿತು ಮಾತನಾಡಿದರು. ಆ ಮಾತಿನ ತೂಕ ಅರಿಯಬೇಕಾದರೆ ಅದರ ಹಿಂದಿನ ಬದುಕನ್ನು ತಿಳಿಯಬೇಕು.

1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಅವರು ಜನಿಸಿದರು. ಮನೆತನ ಉತ್ತರ ಪ್ರದೇಶದ ಕಾಯಂಗಂಜಿನದು. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ತಾಯಿಯೂ ಪ್ಲೇಗಿಗೆ ಬಲಿಯಾದರು. ಇಟಾವದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದಿ ಅಲಿಗಢದ ಕಾಲೇಜು ಸೇರಿದರು. 1920ರಲ್ಲಿ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಆಗಲೇ ಹುಟ್ಟಿದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದೊಂದಿಗೆ ತಮ್ಮ ಬದುಕನ್ನು ಬೆಸೆದುಕೊಂಡರು.

ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಬರ್ಲಿನ್ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ಒಂದು ಮುದ್ರಣಾಲಯದಲ್ಲಿ ಮಿರ್ಝಾ ಗಾಲಿಬರ ದೀವಾನನ್ನು ಅಚ್ಚು ಹಾಕಿಸಿದರು. ಮೊಳೆ ಜೋಡಿಸುವ ಕೆಲಸಕ್ಕೂ ತಾವೇ ಕೈಹಚ್ಚಿದರು. ಹಿರಿಯರ ನುಡಿಯನ್ನು ಉಳಿಸುವ ಶ್ರಮ ಎಂಥದೆಂದು ಅವರ ಕೈಬೆರಳುಗಳಿಗೇ ಗೊತ್ತಿತ್ತು.

1926ರಲ್ಲಿ ಹಿಂದಿರುಗಿ 29ನೇ ವಯಸ್ಸಿಗೇ ಜಾಮಿಯಾದ ಕುಲಪತಿಯಾದಾಗ ಸಂಸ್ಥೆ ಮುಚ್ಚುವ ಸ್ಥಿತಿಯಲ್ಲಿತ್ತು. ಅವರೂ ಸಂಗಡಿಗರೂ ತಿಂಗಳಿಗೆ 150 ರೂಪಾಯಿ ಮೀರದ ಸಂಬಳದಲ್ಲಿ 20 ವರ್ಷ ದುಡಿಯುವುದಾಗಿ ಪ್ರತಿಜ್ಞೆ ಕೈಗೊಂಡರು. ಆ ಸಂಬಳವೂ ಎಷ್ಟೋ ಬಾರಿ ಕೈಸೇರುತ್ತಿರಲಿಲ್ಲ. 1935ರಲ್ಲಿ ದೆಹಲಿಯ ಓಖ್ಲಾದಲ್ಲಿ ಹೊಸ ಕಟ್ಟಡದ ಶಿಲಾನ್ಯಾಸವನ್ನು ನೆರವೇರಿಸಿದ್ದು ಯಾವ ದೊಡ್ಡ ನಾಯಕರೂ ಅಲ್ಲ, ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ.

ಅವರ ಜೀವನ ಚರಿತ್ರೆಕಾರರು ಹೇಳುವ ಒಂದು ಘಟನೆ ಮನ ಕಲಕುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದಾಗ, ಅವರ ಪುಟ್ಟ ಮಗಳು ತೀರಿಕೊಂಡ ಸುದ್ದಿಯನ್ನು ಯಾರೋ ಬಂದು ಕಿವಿಯಲ್ಲಿ ಹೇಳಿದರು. ಮಕ್ಕಳ ಸಂತೋಷ ಕೆಡಬಾರದೆಂದು ಅವರು ಹಂಚಿ ಮುಗಿಸಿಯೇ ಮನೆಗೆ ಹೊರಟರು.

1937ರಲ್ಲಿ ವಾರ್ಧಾದಲ್ಲಿ ರಚನೆಯಾದ ಸಮಿತಿಯ ಅಧ್ಯಕ್ಷರಾಗಿ, ಏಳು ವರ್ಷಗಳ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಬೇಕು, ಕೈಕಸುಬು ಅದರ ಕೇಂದ್ರವಾಗಬೇಕು ಎಂಬ ಯೋಜನೆಯನ್ನು ರೂಪಿಸಿದರು. ಆದರೆ ಕೇವಲ ಕೈ ಆಡಿಸುವುದನ್ನು ಅವರು ಶಿಕ್ಷಣವೆನ್ನಲಿಲ್ಲ. ಮಗು ಮೊದಲು ಯೋಚಿಸಿ, ಸಾಧನಗಳನ್ನು ಆರಿಸಿ, ಕೆಲಸ ಮಾಡಿ, ಕೊನೆಗೆ ಅದರ ಗುಣದೋಷಗಳನ್ನು ತಾನೇ ತೂಗಿ ನೋಡಬೇಕು; ಆಗಲೇ ಕೆಲಸ ಕಲಿಸುತ್ತದೆ ಎಂಬುದು ಅವರ ವಿಚಾರ. 1958ರ ಉಪನ್ಯಾಸಗಳ ತಿರುಳಿನಲ್ಲೂ ಇದೇ ಇದೆ.

ಮುಂದೆ ಅವರಿಗೆ 1963ರಲ್ಲಿ ಭಾರತ ರತ್ನ, 1967ರಲ್ಲಿ ರಾಷ್ಟ್ರಪತಿ ಪದವಿ ಒಲಿದು ಬಂದವು. 1969ರ ಮೇ 3ರಂದು, ಅಧಿಕಾರದಲ್ಲಿದ್ದಾಗಲೇ ನಿಧನರಾದರು. ತಾವು ಕಟ್ಟಿ ಬೆಳೆಸಿದ ಜಾಮಿಯಾದ ಅಂಗಳದಲ್ಲೇ ದಫನವಾದರು.

ರೇಡಿಯೋದಲ್ಲಿ ಆಡಿದ ಮಾತು ಗಾಳಿಯಲ್ಲಿ ಕರಗಿ ಹೋಗುವಂಥದು. ಕೇಂದ್ರ ಸರಕಾರದ ಪ್ರಕಟಣಾ ವಿಭಾಗ ಪುಸ್ತಕವಾಗಿ ಅಚ್ಚು ಹಾಕಿದ್ದರಿಂದ ಆ ಉಪನ್ಯಾಸಗಳು ಇಂದಿಗೂ ಓದಲು ಉಳಿದಿವೆ. ಅವರ ಉರ್ದು ಶಿಕ್ಷಣ ಭಾಷಣಗಳು 'ತಾಲೀಮೀ ಖುತ್ಬಾತ್' ಎಂಬ ಸಂಗ್ರಹದಲ್ಲಿ ದೊರೆಯುತ್ತವೆ.

ನಮ್ಮ ಶಾಲೆ, ಮದ್ರಸಾಗಳ ಬೀರುಗಳಲ್ಲೂ ಹಿರಿಯ ಶಿಕ್ಷಕರ ಭಾಷಣದ ಕ್ಯಾಸೆಟ್‌ಗಳು ಧೂಳು ಹಿಡಿದಿರಬಹುದು. ತೇವಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಅವನ್ನು ಈಗಲೇ ಕಂಪ್ಯೂಟರಿಗೆ ಇಳಿಸಿ, ಯಾರು, ಎಂದು, ಎಲ್ಲಿ ಮಾತನಾಡಿದ್ದೆಂದು ಬರೆದಿಟ್ಟು, ಪೋಷಕರ ಸಭೆಗಳಲ್ಲಿ ಕೇಳಿಸೋಣ. ಉಳಿಸಿದ ಮಾತು ಬೀರುವಿನಲ್ಲೇ ಇದ್ದರೆ ಫಲವಿಲ್ಲ. ಅದು ಮಕ್ಕಳನ್ನು ಬೆಳೆಸುವವರ ಕಿವಿಗೆ ಬೀಳಬೇಕು.