ಮಿರಜಿನ ಮಣ್ಣಲ್ಲಿ ಕಿರಾನಾ ಸ್ವರ

ಮಿರಜ: ಉರುಸಿಗೆಂದು ಜತ್ತ, ಅಥಣಿ ಕಡೆಯಿಂದ ಇಲ್ಲಿಯ ಖ್ವಾಜಾ ಮೀರಾಸಾಹೇಬ ದರ್ಗಾಕ್ಕೆ ಬರುವವರು ಆವರಣದಲ್ಲಿರುವ ಇನ್ನೊಂದು ಗೋರಿಗೂ ಕೈಮುಗಿಯಬೇಕು. ಅದು ಉಸ್ತಾದ್ ಅಬ್ದುಲ್ ಕರೀಂ ಖಾನರದು.

ಖಾನಸಾಹೇಬರು ಹುಟ್ಟಿದ್ದು 1872ರಲ್ಲಿ, ಈಗಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಬಡೋದೆ ದರ್ಬಾರಿನಲ್ಲಿ ಹಾಡಿದರು. ಮುಂದೆ ಮಿರಜಿನವರೇ ಆಗಿಬಿಟ್ಟರು. ಅವಸರವಿಲ್ಲದೆ ಒಂದೊಂದೇ ಸ್ವರ ಬಿಡಿಸುತ್ತ ರಾಗ ಬೆಳೆಸುವುದು ಅವರ ಪದ್ಧತಿ. ಮೈಸೂರು ಅರಮನೆಯಲ್ಲೂ ಹಾಡಿ, ಕರ್ನಾಟಕ ಸಂಗೀತದ ಸೊಗಸನ್ನೂ ತಮ್ಮದಾಗಿಸಿಕೊಂಡರು. ತ್ಯಾಗರಾಜರ ಕೃತಿಯನ್ನು ಗ್ರಾಮಫೋನಿಗೆ ಹಾಡಿದ್ದೂ ಉಂಟು.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಮುಂದೆ ಸಂಸಾರ ಒಡೆಯಿತು. ಪತ್ನಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ದೂರಾದರು. ಆದರೆ ಹಾಡು ಮಕ್ಕಳನ್ನು ಬಿಡಲಿಲ್ಲ. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ ಇಬ್ಬರೂ ದೊಡ್ಡ ಗಾಯಕರಾದರು.

ಕನ್ನಡಿಗರಿಗಂತೂ ಅವರ ಋಣ ದೊಡ್ಡದು. ಅವರ ಶಿಷ್ಯ ಕುಂದಗೋಳದ ರಾಮಭಾವು ಮುಂದೆ ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರ ಕೈಯಲ್ಲೇ ಕಲಿತವರು. ಭೀಮಸೇನರು ಹುಡುಗನಾಗಿದ್ದಾಗ ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಖಾನಸಾಹೇಬರ ಒಂದು ಠುಮ್ರಿ ರೆಕಾರ್ಡು ಕೇಳಿ.

1937ರ ಅಕ್ಟೋಬರ್ 27. ಪಾಂಡಿಚೇರಿಗೆ ಹೊರಟಿದ್ದ ಅವರಿಗೆ ರೈಲಿನಲ್ಲೇ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್ನಿನಲ್ಲಿ ಇಳಿದು, ನಮಾಜು ಮಾಡಿ, ಮೆಲ್ಲಗೆ ಹಾಡುತ್ತಲೇ ಪ್ರಾಣ ಬಿಟ್ಟರು ಅಂತ ಹೇಳುತ್ತಾರೆ. ದೇಹವನ್ನು ಅಷ್ಟು ದೂರದಿಂದ ಮಿರಜಿಗೇ ತಂದು ಮಣ್ಣು ಮಾಡಿದರು.

ಬದುಕಿದ್ದಾಗ ಉರುಸಿನಲ್ಲಿ ಅವರು ಇದೇ ದರ್ಗಾದಲ್ಲಿ ಹಾಡಿನ ಸೇವೆ ಸಲ್ಲಿಸುತ್ತಿದ್ದರು. ಅವರ ನಂತರ ಅವರ ನೆನಪಿಗಾಗಿ ಅಲ್ಲಿಯೇ ಸಂಗೀತ ಸಭೆ ನಡೆಯುತ್ತ ಬಂದಿದೆ. ಹಾಡಲು ಬರುವ ಕಲಾವಿದರಲ್ಲಿ ಜಾತಿ, ಭಾಷೆ ಯಾರೂ ಕೇಳುವುದಿಲ್ಲ.